ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಹೇಳಿದ ಮಾತು

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕೂತ ಹೆಂಗಸಿಗೆ ಜನ ಇನ್ನೇನು ಹೆಸರಿಟ್ಟಾರು? ವಿಚಾರಣೆ ಅಂತಲೇ ಇಟ್ಟರು. ಡ್ರೈವರುಗಳಿಗೆ, ಕಂಡಕ್ಟರುಗಳಿಗೆ, ಗೇಟಿನ ಬಳಿ ಹೂವು ಮಾರುವವಳಿಗೆ, ಕೊನೆಗೆ ಪಕ್ಕದ ಮನೆಯವರಿಗೂ ಅವಳು ವಿಚಾರಣೆ ಮೇಡಂ. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದುಕೊಂಡು ಯಾರಾದರೂ ಹುಡುಕಿ ಬಂದಿದ್ದರೆ ಇಡೀ ನಿಲ್ದಾಣ ತಲೆ ಕೆರೆದುಕೊಳ್ಳುತ್ತಿತ್ತು.

ಅವಳ ಕಿಟಕಿಯಲ್ಲಿ ಸಿಗುತ್ತಿದ್ದದ್ದು ಮೂರೇ ಉತ್ತರ. ಬಂತು, ಬರುತ್ತೆ, ಗೊತ್ತಿಲ್ಲ. ಬಸ್ಸು ಕಣ್ಣಿಗೆ ಕಂಡರೆ ಬಂತು. ಹಿಂದಿನ ನಿಲ್ದಾಣದಿಂದ ಹೊರಟಿದೆ ಎಂದು ಅಲ್ಲಿಯವರು ಫೋನಿನಲ್ಲಿ ಬಾಯಿಬಿಟ್ಟು ಹೇಳಿದ್ದರೆ ಬರುತ್ತೆ. ಮಿಕ್ಕಿದ್ದಕ್ಕೆಲ್ಲ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದಕ್ಕೆ ಸಂಬಳ ಬೇರೆ ಕೇಡು ಎಂದು ಗೊಣಗಿಕೊಂಡು ಹೋದವರು ಸಾವಿರಾರು ಮಂದಿ. ಗೊಣಗಲಿ ಬಿಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮುದುಕನಿಗೆ ಸಮಾಧಾನವಾಗಲಿ ಎಂದು ಸುಮ್ಮನೆ ಬರುತ್ತೆ ಅಂದುಬಿಟ್ಟಿದ್ದಳು. ಆತ ಅದನ್ನೇ ನಂಬಿಕೊಂಡು ಸಂಜೆಯವರೆಗೆ ಬೆಂಚಿನ ಮೇಲೆ ಕೂತಿದ್ದ. ಹೊರಡುವಾಗ ಬೈಯಲೂ ಇಲ್ಲ, ಕಿಟಕಿಯ ಕಡೆ ಒಮ್ಮೆ ನೋಡಿ ನಡೆದುಬಿಟ್ಟ. ಅವತ್ತಿನಿಂದ ಅವಳು ಊಹೆಯ ಮೇಲೆ ಒಂದು ಮಾತೂ ಆಡಿದವಳಲ್ಲ.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಗುಬ್ಬಿ. ಗುಬ್ಬಿ ಅಂದರೆ ಅವಳ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಭಾವ ಒಂದು ಕೈಚೀಲದಲ್ಲಿ ಮಗುವಿನ ಬಟ್ಟೆ ತುಂಬಿಕೊಂಡು ಬಂದು, ಎರಡು ತಿಂಗಳು ನೋಡಿಕೋ, ಅಷ್ಟರಲ್ಲಿ ಒಂದು ದಾರಿ ಮಾಡ್ತೀನಿ ಎಂದು ಬಿಟ್ಟುಹೋದರು. ಅವರು ಮಾಡಿಕೊಂಡ ದಾರಿ ಎರಡನೇ ಮದುವೆ. ಎರಡು ತಿಂಗಳು ಇಪ್ಪತ್ತೊಂದು ವರ್ಷವಾಯಿತು. ಈ ನಡುವೆ ಚಿಕ್ಕಮ್ಮನ ಮದುವೆಯ ಮಾತು ಎರಡು ಸಲ ಬಂದು, ಮಗುವನ್ನು ಏನು ಮಾಡ್ತೀರಿ ಎಂಬ ಪ್ರಶ್ನೆಯ ಬಳಿ ನಿಂತು, ಹಾಗೇ ತಣ್ಣಗಾಯಿತು. ಅವಳೇನೂ ತ್ಯಾಗ ಮಾಡಿದೆ ಎಂದು ಎದೆ ತಟ್ಟಿಕೊಂಡವಳಲ್ಲ. ಶಾಲೆ, ಜ್ವರ, ಹಲ್ಲು, ಪರೀಕ್ಷೆ ಎಂದು ವರ್ಷಗಳು ಹೋಗಿದ್ದೇ ಗೊತ್ತಾಗಲಿಲ್ಲ.

ಭಾವ ಕೆಟ್ಟವರೇನಲ್ಲ. ಪೀಠೋಪಕರಣದ ದೊಡ್ಡ ಅಂಗಡಿ, ದೊಡ್ಡ ದನಿ, ದೊಡ್ಡ ಕೈ. ವರ್ಷಕ್ಕೆರಡು ಸಲ ಬರುತ್ತಿದ್ದರು, ಬಂದಾಗಲೆಲ್ಲ ಮಗಳಿಗೆ ಒಂದು ಅಳತೆ ಸಣ್ಣದಾದ ಬಟ್ಟೆ ತರುತ್ತಿದ್ದರು. ಗುಬ್ಬಿಯ ಮದುವೆ ನಿಶ್ಚಯವಾದಾಗ ಕುಣಿದಾಡಿಬಿಟ್ಟರು. ಒಂದೇ ಒಂದು ಫೋನು ಮಾಡಿದರೆ ಎಲ್ಲ ವಹಿಸಿಕೊಳ್ಳುವ ಜನ ತಮಗೆ ಗೊತ್ತಿದ್ದಾರೆ, ಛತ್ರ, ಹೂವು, ಊಟ, ಫೋಟೋ ಯಾವುದಕ್ಕೂ ನಾವು ಕೈ ಹಾಕಬೇಕಾಗಿಲ್ಲ ಎಂದರು. ಗುಬ್ಬಿ ಒಪ್ಪಲಿಲ್ಲ. ಚಿಕ್ಕಮ್ಮನೇ ಎಲ್ಲರನ್ನೂ ಆರಿಸಲಿ, ನನ್ನ ಮದುವೆ ಅವಳೇ ನಡೆಸಿಕೊಡಲಿ ಎಂದಳು.

ಭಾವನ ಮುಖ ಸ್ವಲ್ಪ ಇಳಿಯಿತು. ಸರಿ ಎಂದರು. ಆದರೆ ವ್ಯಾಪಾರಸ್ಥರಲ್ಲವೆ, ಒಂದು ಷರತ್ತು ಸೇರಿಸಿದರು. ಮದುವೆಯ ದಿನ ವೇದಿಕೆಯ ಮೇಲೆ, ನೋಂದಣಿ ಪುಸ್ತಕಕ್ಕೆ ಸಹಿ ಬೀಳುವಾಗ, ಹುಡುಗಿಯ ಪಕ್ಕದಲ್ಲಿ ಅವಳ ಕಡೆಯ ಹಿರಿಯರಿಗೆಂದು ಒಂದು ಕುರ್ಚಿ ಇರುತ್ತದೆ.

“ಯಾರು ಮದುವೆ ನಡೆಸಿಕೊಡ್ತಾರೋ ಅವರೇ ಆ ಕುರ್ಚೀಲಿ ಕೂತ್ಕೊಳ್ಳಲಿ. ಹತ್ತು ದಿನ ಇರುವಾಗ ಬಂದು ನೋಡ್ತೀನಿ. ಎಲ್ಲ ಪಕ್ಕಾ ಆಗಿದ್ರೆ ಕುರ್ಚಿ ನಿಂದು. ಒಂದು ಕೊರತೆ ಇದ್ರೂ ನಮ್ಮ ಜನ ಬರ್ತಾರೆ, ಆಮೇಲೆ ನಾನು ಕೂತ್ಕೊಳ್ತೀನಿ. ಬೇಜಾರು ಮಾಡ್ಕೋಬಾರ್ದು.”

ಅವಳು ತಲೆಯಾಡಿಸಿದಳು. ಇಪ್ಪತ್ತೊಂದು ವರ್ಷದಲ್ಲಿ ಅವಳು ತನಗಾಗಿ ಏನನ್ನೂ ಬೇಕು ಅಂದುಕೊಂಡದ್ದಿಲ್ಲ. ಆ ಕುರ್ಚಿ ಮಾತ್ರ ಬೇಕು ಅನ್ನಿಸಿತು. ಎಷ್ಟು ಬೇಕು ಅನ್ನಿಸಿತೆಂದರೆ ಅವಳಿಗೇ ನಾಚಿಕೆಯಾಯಿತು.

ಅಂದಿನಿಂದ ಹುಡುಕಾಟ ಶುರು. ಜನರನ್ನು ಆರಿಸುವುದೇನು ಸಾಮಾನ್ಯ ಕೆಲಸವೆ? ಎಲ್ಲರ ಬಾಯಲ್ಲೂ ಬೆಣ್ಣೆ. ಆದರೆ ಅವಳಿಗೆ ಕಿಟಕಿ ಒಂದು ವಿದ್ಯೆ ಕಲಿಸಿತ್ತು. ಐದೇ ನಿಮಿಷ ಎನ್ನುವ ಡ್ರೈವರು ಯಾವತ್ತೂ ಐದು ನಿಮಿಷಕ್ಕೆ ಬರುವುದಿಲ್ಲ. ಟೈರು ಸ್ವಲ್ಪ ಹಾಳಾಗಿದೆ ಮೇಡಂ, ಹೇಳಕ್ಕಾಗಲ್ಲ ಎನ್ನುವವನು ಸಮಯಕ್ಕೆ ಮುಂಚೆ ಬಂದು ಹಾರ್ನ್ ಹೊಡೆಯುತ್ತಾನೆ. ಹಾಗಾಗಿ ಅವಳು ಪ್ರತಿಯೊಬ್ಬರ ಮುಂದೆಯೂ ಆಗದ ಒಂದು ಬೇಡಿಕೆ ಇಟ್ಟಳು. ಆಯ್ತು ಎಂದವರನ್ನು ಬಿಟ್ಟಳು, ಆಗಲ್ಲ ಎಂದವರನ್ನು ಹಿಡಿದಳು.

ಮೊದಲ ಛತ್ರದ ಮ್ಯಾನೇಜರು ಕಾಲು ಗಂಟೆಯಲ್ಲಿ ಆರು ಸಲ ನೀವೇನೂ ಯೋಚನೆ ಮಾಡಬೇಡಿ ಅಂದ. ಒಂದು ಸಲ ಅಂದಿದ್ದರೆ ನಂಬುತ್ತಿದ್ದಳೋ ಏನೋ, ಆರನೆಯದಕ್ಕೆ ಯೋಚನೆ ಹತ್ತಿಕೊಂಡು ಎದ್ದು ಬಂದಳು. ಎರಡನೆಯ ಛತ್ರದವನು, ನಾನೂರು ಜನ ಅಂದ್ರೆ ನಮ್ಮಲ್ಲಿ ಉಸಿರು ಕಟ್ಟುತ್ತೆ, ಇನ್ನೂರೈವತ್ತಕ್ಕಿಂತ ಹೆಚ್ಚು ಕರೀಬೇಡಿ ಎಂದ. ಅವನದೇ ಗಟ್ಟಿಯಾಯಿತು. ಫೋಟೋದವನಿಗೆ, ಮದುವೆ ಮುಗಿದ ದಿನವೇ ಆಲ್ಬಂ ಬೇಕು ಅಂದಳು. ಆತ ನಕ್ಕು, ಅದು ಆಗೋ ಮಾತಲ್ಲ, ಛತ್ರದ ಕಿಟಕಿಗಳು ಯಾವ ಕಡೆಗಿವೆ ಎಂದು ತಿರುಗಿ ಕೇಳಿದ. ಅವನೂ ಗಟ್ಟಿಯಾದ. ಹೂವಿನವಳು ಗೇಟಿನ ಬಳಿಯವಳೇ, ಹಳೆಯ ಪರಿಚಯ. ಅಕ್ಕಾ, ನೀವು ಕೇಳಿದ ಬಣ್ಣ ಆ ತಿಂಗಳಲ್ಲಿ ತಲೆಕೆಳಗಾಗಿ ನಿಂತ್ರೂ ಸಿಗಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಅವಳದೂ ಆಯಿತು. ಉಳಿದದ್ದು ಅಡುಗೆ.

ಅಡುಗೆಗೆ ಏಳು ಜನರನ್ನು ನೋಡಿದಳು. ಏಳು ಜನರೂ ಆಯ್ತು ಅಂದರು. ಅರ್ಧ ಜನ ಖಾರ ತಿನ್ನಲ್ಲ, ಅರ್ಧ ಜನ ಉಪ್ಪು ತಿನ್ನಲ್ಲ, ಎಲ್ಲರಿಗೂ ಒಂದೇ ಅಡುಗೆ ಸಾಕು ಅಂದರೆ ಅದಕ್ಕೂ ಆಯ್ತು. ಆ ಆಯ್ತುಗಳನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿಹೋಯಿತು. ಆಗ ಹೂವಿನವಳೇ ಅಡುಗೆಯಮ್ಮನ ಹೆಸರು ಎತ್ತಿದಳು. ವಯಸ್ಸಾದವರು, ಮಾತು ಕಡಿಮೆ, ಮುಂಗಡ ಮುಟ್ಟುವುದಿಲ್ಲ, ಚೀಟಿ ಬರೆದುಕೊಡುವುದಿಲ್ಲ, ಆದರೆ ಅವರ ಕೈಯಡುಗೆ ಉಂಡವರು ಬೇರೆ ಮದುವೆಗೆ ಹೋದರೆ ಅದನ್ನೇ ನೆನೆಸಿಕೊಂಡು ಏಳುತ್ತಾರೆ. ಒಂದೇ ಒಂದು ಎಚ್ಚರಿಕೆ. ಅವರನ್ನು ಎರಡನೇ ಸಲ ಕೇಳಬಾರದು. ಹಿಂದೊಮ್ಮೆ ಒಂದು ಮನೆಯವರು ಫೋನು ಮಾಡಿ ಬರ್ತೀರಿ ತಾನೆ ಎಂದು ಕೇಳಿದ್ದಕ್ಕೆ, ಆ ತಾನೆ ಎಂಬ ಎರಡಕ್ಷರಕ್ಕೆ ಸಿಟ್ಟಾಗಿ ಅವರು ಹೋಗಲೇ ಇಲ್ಲವಂತೆ.

ಅಡುಗೆಯಮ್ಮ ಒಂದು ಭಾನುವಾರ ಮಧ್ಯಾಹ್ನ ಮನೆಗೆ ಬಂದರು. ನೀರು ಕುಡಿದರು. ವಿಚಾರಣೆ ಹೇಳಿದ್ದನ್ನೆಲ್ಲ ಗೋಡೆ ನೋಡುತ್ತ ಕೇಳಿಸಿಕೊಂಡರು. ಹಲ್ಲಿಲ್ಲದವರು ಎಷ್ಟು ಜನ ಎಂದು ಕೇಳಿದರು. ಛತ್ರದ ಹಿತ್ತಲಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತೆ ಎಂದು ಕೇಳಿದರು. ಅವಳಿಗೆ ಇವರೇ ಸರಿ ಅನ್ನಿಸಿತು. ಒಂದೇ ಅಡುಗೆ ಎಲ್ಲರಿಗೂ ಎಂಬ ಅವಳ ಬೇಡಿಕೆಗೆ, ಅದು ಆಗದ ಮಾತು ಎಂದು ಒಂದೇ ಸಾಲಿನಲ್ಲಿ ಮುಗಿಸಿದರು. ತಾರೀಖು ಕೇಳಿದರು, ಹೂಂ ಅಂದರು. ಆ ಹೂಂ ಒಪ್ಪಿಗೆಯ ಹೂಂ ಅಲ್ಲ, ಕೇಳಿಸಿತು ಎಂಬ ಹೂಂ. ಆಮೇಲೆ ಎದ್ದು ಬಾಗಿಲಿಗೆ ಹೋದರು. ಗೋಡೆಗೆ ಕೈ ಕೊಟ್ಟು ಚಪ್ಪಲಿ ಮೆಟ್ಟಿದರು.

“ಬರ್ತೀನಿ,” ಅಂದರು. ಹೊರಟರು.

ಅಷ್ಟೇ. ಬಾಗಿಲು ಹಾಕಿಕೊಂಡು ಒಳಗೆ ಬಂದು ಲೋಟ ತೊಳೆಯುವಾಗ ಅವಳ ಕೈ ನಿಂತಿತು. ಅದು ಯಾವ ಬರ್ತೀನಿ?

ನಮ್ಮ ಬಾಯಿಯ ಗುಣವೇ ಅಂಥದ್ದು. ಎದ್ದು ಹೊರಟವರು ಹೋಗ್ತೀನಿ ಅನ್ನುವುದಿಲ್ಲ, ಅಂದರೆ ಎಲ್ಲರೂ ಮುಖ ಮುಖ ನೋಡುತ್ತಾರೆ. ಮತ್ತೆ ಈ ಜನ್ಮದಲ್ಲಿ ಇತ್ತ ತಲೆ ಹಾಕದವರೂ ಬರ್ತೀನಿ ಎಂದೇ ಹೋಗುವುದು. ಮದುವೆಗೆ ಬರುತ್ತೇನೆ ಎಂದು ಮಾತು ಕೊಡುವವರೂ ಅದೇ ಬರ್ತೀನಿ ಅನ್ನುತ್ತಾರೆ. ಬಸ್ಸಿಗೆ ಹೀಗಾಗುವುದಿಲ್ಲ. ಬಸ್ಸು ಹೊರಡುವಾಗ ಹೊರಟಿತು, ಬರುವಾಗ ಬಂತು. ಮನುಷ್ಯರ ಕಥೆಯೇ ಬೇರೆ.

ಮರುದಿನ ಪಕ್ಕದ ಕಿಟಕಿಯಲ್ಲಿ ಪಾಸು ಕೊಡುವ ಹಿರಿಯ ಗುಮಾಸ್ತರಿಗೆ ಇದನ್ನು ಹೇಳಿಕೊಂಡಳು. ಅವರು ಇಂಥ ವ್ಯಾಜ್ಯಕ್ಕೆ ಕಾದು ಕೂತವರು. ಕನ್ನಡಕ ಒರೆಸಿಕೊಂಡು, ಚಪ್ಪಲಿ ಮೆಟ್ಟುವ ಮೊದಲು ಅಂದ್ರೋ ಆಮೇಲೆ ಅಂದ್ರೋ ಎಂದು ಕೇಳಿದರು. ಮೊದಲು ಹೇಳಿದರೆ ಅದು ಮಾತು ಕೊಟ್ಟಂತೆ, ಮೆಟ್ಟಿದ ಮೇಲೆ ಹೇಳಿದರೆ ಬರೀ ಹೊರಟಂತೆ. ಅವಳು ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಒಂದು ಕಾಲಿಗೆ ಮೆಟ್ಟಿದ್ದರು. ಇನ್ನೊಂದು ಕಾಲು ಬರಿದಾಗಿತ್ತು.

ಯಾವ ಕಾಲು ಎಂದು ಕೇಳಿದರು ಪಾಸಿನವರು, ಬಹಳ ಗಂಭೀರವಾಗಿ.

ಮಧ್ಯಾಹ್ನದೊಳಗೆ ಇಡೀ ನಿಲ್ದಾಣ ಎರಡು ಪಕ್ಷವಾಯಿತು. ಮೆಟ್ಟಿದ ಕಾಲಿನವರು, ಮೆಟ್ಟದ ಕಾಲಿನವರು. ಕಂಡಕ್ಟರೊಬ್ಬರು ತಮ್ಮ ಅತ್ತೆ ಇಂಥದೇ ಬರ್ತೀನಿ ಹೇಳಿ ಹೋಗಿ ಮೂರು ವರ್ಷವಾಯಿತು, ದೇವರ ದಯೆ, ಇನ್ನೂ ಬಂದಿಲ್ಲ ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕ ಬಾಯಿ ಮುಚ್ಚುವುದರೊಳಗೆ ಮತ್ತೆ ಚಪ್ಪಲಿಯ ಲೆಕ್ಕ ಹಾಕತೊಡಗಿದಳು.

ದಿನಗಳು ಹೋದವು. ಊಟ ಸೇರದು. ಛತ್ರದವನಿಗೆ ಎರಡು ಸಲ, ಫೋಟೋದವನಿಗೆ ಮೂರು ಸಲ ಫೋನು ಮಾಡಿ ಎಲ್ಲ ಸರಿಯಿದೆಯಾ ಎಂದು ಕೇಳಿದಳು. ಕೇಳಬೇಕಾದವರನ್ನು ಕೇಳುವಂತಿಲ್ಲ, ಅದಕ್ಕೇ ಕೇಳಬೇಕಾಗಿಲ್ಲದವರ ಪ್ರಾಣ ತಿಂದಳು. ಬೇರೆ ಅಡುಗೆಯವರನ್ನು ಗೊತ್ತು ಮಾಡಿಬಿಡೋಣ ಅನ್ನಿಸುತ್ತಿತ್ತು. ಮಾಡಿದ ಮೇಲೆ ಅಡುಗೆಯಮ್ಮ ಬಂದು ನಿಂತರೆ ಯಾವ ಮುಖ ತೋರಿಸುವುದು ಅನ್ನಿಸುತ್ತಿತ್ತು. ಗುಬ್ಬಿ ಇದನ್ನು ತಮಾಷೆಯಾಗಿಯೇ ತೆಗೆದುಕೊಂಡಳು. ನೀನು ಒಬ್ಬರನ್ನ ನಂಬಿದ್ದೀಯ ಅಂದ್ರೆ ಅವರು ಬಂದೇ ಬರ್ತಾರೆ ಬಿಡು ಎಂದು ಗಲ್ಲ ಹಿಂಡಿ ಆಫೀಸಿಗೆ ಹೋಗುತ್ತಿದ್ದಳು.

ಹದಿನೆಂಟು ದಿನ ಇರುವಾಗ ಭಾವನ ಫೋನು ಬಂತು. ಛತ್ರ ಆಯ್ತಾ, ಹೂವು ಆಯ್ತಾ ಎಂದು ಕೇಳುತ್ತ ಬಂದು, ಅಡುಗೆಯವರು ಬರ್ತಾರಾ ಎಂದರು. ಕಿಟಕಿಯ ಆಚೆ ಜನ ನಿಂತಿದ್ದರು. ಅವಳ ಬಾಯಿಂದ ಬಂದ ಮಾತು ಅವಳ ಕಿವಿಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

“ಬರ್ತಾರೆ,” ಅಂದಳು.

ಫೋನು ಇಟ್ಟಳು. ಯಾವ ನಿಲ್ದಾಣದಿಂದ ಯಾರು ಹೇಳಿದ್ದರು ಹೊರಟಿದೆ ಎಂದು? ಯಾರೂ ಇಲ್ಲ. ಕುರ್ಚಿಯ ಆಸೆಗೆ ಬಾಯಿ ತಾನಾಗಿ ಆಡಿಬಿಟ್ಟಿತ್ತು. ಅವತ್ತು ಕಿಟಕಿಯಲ್ಲಿ ಕೇಳಿದವರಿಗೆಲ್ಲ ಅವಳು ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಹೇಳಿದಳು. ಎದುರಿಗೆ ನಿಂತ ಬಸ್ಸಿಗೂ ಗೊತ್ತಿಲ್ಲ ಅಂದದ್ದನ್ನು ಪಾಸಿನವರು ಗಮನಿಸಿ, ರಜೆ ಹಾಕಿ ಮೇಡಂ ಅಂದರು.

ಹನ್ನೊಂದು ದಿನ ಇರುವಾಗ ತಡೆಯಲಾಗಲಿಲ್ಲ. ಆದದ್ದಾಗಲಿ, ಬೈದರೆ ಬೈಯಲಿ ಎಂದು ಅಡುಗೆಯಮ್ಮನ ಮನೆ ಹುಡುಕಿಕೊಂಡು ಹೋದಳು. ಕಿರಿದಾದ ಬೀದಿ, ಗೋಡೆಗೆ ಗೋಡೆ ತಾಗಿದ ಮನೆಗಳು, ಮೂರನೆಯ ಬಾಗಿಲು. ಬಾಗಿಲಿಗೆ ಬೀಗ. ದೊಡ್ಡ ಪಾತ್ರೆಗಳು ಜಗಲಿಯ ಮೇಲೂ ಇರಲಿಲ್ಲ. ಪಕ್ಕದ ಮನೆಯ ಹೆಂಗಸು ಬಟ್ಟೆ ಹಿಂಡುತ್ತ, ಅವರು ಮಗಳ ಮನೆಗೆ ಹೋಗಿ ವಾರವಾಯಿತು, ಫೋನು ಗೀನು ಇಟ್ಟುಕೊಂಡವರಲ್ಲ ಎಂದಳು. ಯಾವಾಗ ವಾಪಸು ಎಂದು ಇವಳು ಕೇಳಿದಳು.

“ಹೋಗುವಾಗ ಬರ್ತೀನಿ ಅಂದ್ರು. ಯಾವಾಗ ಅಂತ ಹೇಳಲಿಲ್ಲ,” ಎಂದಳು ಆ ಹೆಂಗಸು.

ಬೀದಿಯ ತುದಿಯವರೆಗೆ ನಡೆದು ಬಂದಳು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಳು. ಇನ್ನೂರೈವತ್ತು ಜನ ಖಾಲಿ ಮೇಜುಗಳ ಮುಂದೆ ಕೂತಿರುವುದು ಕಣ್ಣಿಗೆ ಕಟ್ಟಿತು. ಗುಬ್ಬಿ ಅವರ ನಡುವೆ ತಲೆ ತಗ್ಗಿಸಿ ನಿಂತಿದ್ದಳು. ಅಲ್ಲಿ ಕೂತೇ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು, ಆಮೇಲೆ ಸ್ವಲ್ಪ ಹೊತ್ತು ಅತ್ತಳು.

ಮರುದಿನ ಹೇಳಿದ ಹಾಗೆ ಭಾವ ಬಂದರು. ಕೈಯಲ್ಲಿ ಒಂದು ಹಾಳೆ, ಅದರ ತುಂಬ ಬರೆದುಕೊಂಡ ಸಾಲುಗಳು. ಛತ್ರ ಸರಿ. ಹೂವು ಸರಿ. ಫೋಟೋ ಸರಿ. ಒಂದೊಂದಕ್ಕೂ ಗೀಟು ಹಾಕುತ್ತ, ಪರವಾಗಿಲ್ಲವೇ ನಮ್ಮ ನಾದಿನಿ ಎಂದು ಗುಬ್ಬಿಯ ಕಡೆ ನೋಡಿ ಹೆಮ್ಮೆಯಿಂದ ನಕ್ಕರು. ಅಡುಗೆ ಅಂತೂ ನೀನು ಆವತ್ತೇ ಹೇಳಿದ್ದೆ ಎಂದು ಆ ಸಾಲಿಗೂ ಗೀಟು ಹಾಕಲು ಪೆನ್ನು ಇಳಿಸಿದರು. ಅವಳು ಸುಮ್ಮನೆ ಇದ್ದಿದ್ದರೆ ಮುಗಿದೇ ಹೋಗಿತ್ತು.

“ಭಾವ, ತಾಳಿ. ಅಡುಗೆಯವರು ಬರ್ತಾರೋ ಇಲ್ವೋ ನಂಗೆ ಗೊತ್ತಿಲ್ಲ. ಆವತ್ತು ನಾನು ಸುಳ್ಳು ಹೇಳಿದೆ.”

ಭಾವನ ಪೆನ್ನು ಅಲ್ಲೇ ನಿಂತಿತು. ಅವರು ಹಂಗಿಸಲಿಲ್ಲ, ಗೆದ್ದೆ ಎಂದು ಬೀಗಲೂ ಇಲ್ಲ. ಎದ್ದು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದು, ಊಟ ನಮ್ಮ ಜನ ತರ್ತಾರೆ, ಬೆಳಿಗ್ಗೆ ಏಳಕ್ಕೆ ಗಾಡಿ ಬರುತ್ತೆ, ನೀನು ನೆಮ್ಮದಿಯಾಗಿರು ಅಂದರು. ಕುರ್ಚಿಯ ವಿಷಯ ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಅವರು ಹೋದ ಮೇಲೆ ಗುಬ್ಬಿ ತಿರುಗಿಬಿದ್ದಳು. ಹುಟ್ಟಿದಾಗಿನಿಂದ ಅವಳು ಅಷ್ಟು ಸಿಟ್ಟಾದದ್ದನ್ನು ಚಿಕ್ಕಮ್ಮ ನೋಡಿರಲಿಲ್ಲ.

“ಹತ್ತು ದಿನ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ನಿಂಗೆ? ನನ್ನ ಪಕ್ಕ ಯಾರು ಕೂತ್ಕೋಬೇಕು ಅಂತ ನಾನು ಆಸೆ ಇಟ್ಕೊಂಡಿದ್ದೆ ಅಂತ ಗೊತ್ತಿರ್ಲಿಲ್ವಾ? ನಿಂಗೆ ನನಗಿಂತ ನಿನ್ನ ಕಿಟಕಿನೇ ಹೆಚ್ಚು.”

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಬೇಕಾದಷ್ಟೇ ಮಾತು. ಸೀರೆ ಇಸ್ತ್ರಿಯಾಯಿತಾ, ಆಯಿತು. ಊಟ ಮಾಡಿದೆಯಾ, ಮಾಡಿದೆ. ಹುಡುಗಿ ಈ ಮನೆಯಲ್ಲಿರುವ ಕೊನೆಯ ದಿನಗಳು ಹೀಗೆ ಕಳೆದುಹೋಗುತ್ತಿವೆಯಲ್ಲ ಎಂದು ಅವಳ ಕರುಳು ಚುರುಕ್ ಎನ್ನುತ್ತಿತ್ತು. ಕುರ್ಚಿ ಹೋದದ್ದಕ್ಕಿಂತ ಅದೇ ಹೆಚ್ಚು ಸಂಕಟವಾಯಿತು.

ಮದುವೆಯ ದಿನ ಬೆಳಗಾಗುವ ಹೊತ್ತಿಗೆ ಅವಳು ಛತ್ರದಲ್ಲಿದ್ದಳು. ಕುರ್ಚಿಗಳನ್ನು ಎಣಿಸಿದಳು, ನಲ್ಲಿಗಳನ್ನು ತಿರುಗಿಸಿ ನೋಡಿದಳು, ವೇದಿಕೆ ಹತ್ತಿ ಗುಬ್ಬಿಯ ಪಕ್ಕದ ಕುರ್ಚಿಯ ಧೂಳು ಒರೆಸಿದಳು. ಆಗ ಹಿತ್ತಲಲ್ಲಿ ಪಾತ್ರೆ ಇಳಿಸಿದ ಸದ್ದಾಯಿತು. ಇನ್ನೂ ಆರೂ ಆಗಿರಲಿಲ್ಲ, ಭಾವನ ಗಾಡಿ ಇಷ್ಟು ಬೇಗ ಬಂತೆ ಎಂದುಕೊಂಡು ಹೋದಳು.

ಅಡುಗೆಯಮ್ಮ ನಿಂತಿದ್ದರು. ಜೊತೆಗೆ ಇಬ್ಬರು ಹೆಂಗಸರು, ಒಂದು ಆಟೋ ತುಂಬ ಪಾತ್ರೆ, ತರಕಾರಿ ಮೂಟೆಗಳು.

ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಕೈ ಮುಗಿದು, ತಪ್ಪಾಯಿತು ಎಂದು ಶುರುಮಾಡಿ ಎಲ್ಲವನ್ನೂ ಒದರಿಬಿಟ್ಟಳು. ನೀವು ಬರ್ತೀನಿ ಅಂದದ್ದು ಬರುವುದಕ್ಕೋ ಹೋಗುವುದಕ್ಕೋ ತಿಳಿಯಲಿಲ್ಲ, ಕೇಳಲು ಹೆದರಿದೆ, ಬೇರೆಯವರನ್ನು ಗೊತ್ತು ಮಾಡಿಯಾಗಿದೆ ಎಂದಳು. ಅಡುಗೆಯಮ್ಮ ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಇವಳಿಗೆ ಬುದ್ಧಿ ಸರಿಯಿದೆಯೇ ಎಂದು ನೋಡುವ ಹಾಗೆ ನೋಡಿದರು.

“ಬರಲ್ಲ ಅಂತಿದ್ರೆ ಬರಲ್ಲ ಅಂತಿದ್ದೆ,” ಎಂದರು. “ಅವರು ಬಂದ್ರೆ ಬರ್ಲಿ. ಒಲೆ ಎಲ್ಲಿ?”

ಏಳಕ್ಕೆ ಸರಿಯಾಗಿ ಭಾವನ ಜನರ ಗಾಡಿಯೂ ಬಂತು, ಹಿಂದೆಯೇ ಭಾವನೂ ಬಂದರು, ಮಡಿಕೆಯ ಗೆರೆ ಅಳಿಯದ ಹೊಸ ಅಂಗಿ ತೊಟ್ಟು. ಹಿತ್ತಲಲ್ಲಿ ಹೊಗೆಯಾಡುತ್ತಿದ್ದ ಒಲೆಗಳನ್ನು ನೋಡಿ, ನಾದಿನಿಯನ್ನು ನೋಡಿ, ಹಾಗಾದರೆ ಬಂದರು ಅನ್ನು ಎಂದರು. ಅವಳು ತಕ್ಷಣ, ಬಂದರೂ ಮಾತು ಮಾತೇ ಭಾವ, ಹತ್ತು ದಿನದ ಹಿಂದೆ ನನ್ನಿಂದ ಆಗಿರಲಿಲ್ಲ, ನೀವೇ ಕೂತ್ಕೊಳ್ಳಿ ಎಂದಳು.

ಗಾಡಿಯಿಂದ ತಟ್ಟೆಗಳು ಇಳಿದವು. ಬೆಳಗಿನ ತಿಂಡಿಗೆಂದು ಮೇಲೆ ಎಳ್ಳು ಉದುರಿಸಿದ ಬನ್ನುಗಳು, ಎಳ್ಳು ಮೆತ್ತಿದ ಸಿಹಿ ಉಂಡೆಗಳು. ಮೇಲ್ವಿಚಾರಕ ಕೈಯಲ್ಲಿ ಪಟ್ಟಿ ಹಿಡಿದು ಭಾವನ ಬಳಿ ಬಂದು, ಮದುಮಕ್ಕಳಿಗೆ ಮೊದಲು ತಟ್ಟೆ ಕಳಿಸ್ತೀವಿ ಸಾರ್, ಹುಡುಗಿಗೆ ತಿನ್ನಬಾರದ್ದು ಏನಾದರೂ ಇದೆಯಾ ಎಂದು ಕೇಳಿದ.

ಭಾವ ಬಾಯಿ ತೆರೆದರು. ಏನೂ ಬರಲಿಲ್ಲ. ಮೇಲ್ವಿಚಾರಕ ಕಾದ. ಭಾವ ನಿಧಾನವಾಗಿ ನಾದಿನಿಯ ಕಡೆ ತಿರುಗಿದರು.

“ಎಳ್ಳು,” ಎಂದಳು ಅವಳು. ಅಷ್ಟರಲ್ಲಿ ಅವಳ ಕೈ ಹತ್ತಿರದ ತಟ್ಟೆಯನ್ನು ದೂರ ತಳ್ಳಿಯಾಗಿತ್ತು. “ಒಂದು ಕಾಳು ಬಾಯಿಗೆ ಹೋದ್ರೂ ಗಂಟಲು ಊದ್ಕೊಳ್ಳುತ್ತೆ, ಉಸಿರು ಕಟ್ಟುತ್ತೆ. ಏಳು ವರ್ಷದವಳಿದ್ದಾಗ ಮೂರು ದಿನ ಆಸ್ಪತ್ರೇಲಿದ್ಲು.”

“ನಂಗ್ಯಾಕೆ ಹೇಳ್ಲಿಲ್ಲ?” ಭಾವನ ದೊಡ್ಡ ದನಿ ಎಲ್ಲಿ ಹೋಗಿತ್ತೋ.

“ಹೇಳಿದ್ದೆ ಭಾವ. ಆಸ್ಪತ್ರೆಯಿಂದಲೇ ಫೋನು ಮಾಡಿದ್ದೆ. ನೀವು ಆಯ್ತು ಅಂದ್ರಿ.”

ಚುಚ್ಚಬೇಕೆಂದು ಅವಳು ಹೇಳಿದ್ದಲ್ಲ. ಕಿಟಕಿಯಲ್ಲಿ ಸಮಯ ಹೇಳುವ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಭಾವ ತಟ್ಟೆಗಳನ್ನು ನೋಡುತ್ತ ನಿಂತರು. ಆಮೇಲೆ ಮೇಲ್ವಿಚಾರಕನಿಗೆ, ಇವನ್ನೆಲ್ಲ ವಾಪಸು ಗಾಡಿಗೆ ಹಾಕಿ, ಒಂದು ಕಾಳು ಇಲ್ಲಿ ಉಳೀಬಾರದು ಎಂದರು. ಆತ ಏನೋ ಹೇಳಲು ಹೊರಟ, ಭಾವನ ಮುಖ ನೋಡಿ ಸುಮ್ಮನಾದ. ಹಿತ್ತಲ ನೆಲವನ್ನು ಗುಡಿಸಿ ತೊಳೆಸುವವರೆಗೆ ಅವರು ಅಲ್ಲಿಂದ ಕದಲಲಿಲ್ಲ. ಹೊಸ ಅಂಗಿಯ ತೋಳಿಗೆ ಮಸಿ ಹತ್ತಿತ್ತು. ಕೈ ತೊಳೆಯಲು ನಲ್ಲಿಯ ಬಳಿ ಬಂದಾಗ ಅವಳೂ ಅಲ್ಲಿದ್ದಳು.

“ನೀನು ಅಡುಗೆಯವರೊಬ್ಬರ ವಿಷಯ ಗೊತ್ತಿಲ್ಲ ಅಂತ ಕುರ್ಚಿ ಬಿಟ್ಟುಕೊಟ್ಟೆ. ನಂಗೆ ಮಗಳ ವಿಷಯನೇ ಗೊತ್ತಿಲ್ಲ. ಯಾವ ಮುಖ ಇಟ್ಕೊಂಡು ಅಲ್ಲಿ ಕೂತ್ಕೊಳ್ಳಲಿ?”

ಅವಳು ಏನು ಹೇಳಿದರೂ ಅವರು ಕೇಳಲಿಲ್ಲ. ನಲ್ಲಿ ನಿಲ್ಲಿಸಿ, ಹೆಂಡತಿಯನ್ನು ಕರೆದುಕೊಂಡು ಮೊದಲ ಸಾಲಿನಲ್ಲಿ ಹೋಗಿ ಕೂತರು.

ಹತ್ತೂವರೆಗೆ ಅವಳು ವೇದಿಕೆ ಹತ್ತಿದಾಗ ಗುಬ್ಬಿ ತಲೆಯೆತ್ತಿ ನೋಡಿದಳು, ಕಣ್ಣರಳಿಸಿದಳು, ಕೇಳಲಿಲ್ಲ. ಅವಳು ಕುರ್ಚಿಯ ತುದಿಯಲ್ಲಿ, ಯಾರಾದರೂ ಏಳು ಅಂದರೆ ಏಳಲು ಸಿದ್ಧವಾಗಿ ಕೂತಳು. ನೋಂದಣಿ ಕಚೇರಿಯ ಗುಮಾಸ್ತ ದೊಡ್ಡ ಪುಸ್ತಕ ತೆರೆದು, ಹುಡುಗ ಹುಡುಗಿಯ ಸಹಿ ಹಾಕಿಸಿಕೊಂಡು, ಪೆನ್ನನ್ನು ಇವಳ ಕಡೆ ತಿರುಗಿಸಿದ. ನೀವು ಹುಡುಗಿಗೆ ಏನಾಗಬೇಕು ಎಂದು ಕೇಳಿದ.

ಇಪ್ಪತ್ತಾರು ವರ್ಷ ಜನರ ಪ್ರಶ್ನೆಗೆ ಉತ್ತರ ಕೊಟ್ಟವಳು ಆ ಪ್ರಶ್ನೆಗೆ ತಡವರಿಸಿದಳು. ಚಿಕ್ಕಮ್ಮ ಎಂದಳು, ಕೇಳಿಸಿಯೂ ಕೇಳಿಸದಂತೆ. ಗುಮಾಸ್ತ ಮುಖ ಗಂಟಿಕ್ಕಿಕೊಂಡ. ಅವನು ಅವಸರದ ಮನುಷ್ಯ, ಅವತ್ತೇ ಇನ್ನೆರಡು ಮದುವೆ ಇದ್ದವು. ಚಿಕ್ಕಮ್ಮ ಅಂದರೆ ಬೇಕಾದಷ್ಟು ಥರ ಇರುತ್ತಾರೆ, ಅಪ್ಪನ ಎರಡನೇ ಹೆಂಡತಿಯೂ ಚಿಕ್ಕಮ್ಮನೇ, ತಾಯಿಯ ತಂಗಿಯೂ ಚಿಕ್ಕಮ್ಮನೇ, ಏನಂತ ಬರೆಯಲಿ, ಬಿಡಿಸಿ ಹೇಳಿ ಎಂದ.

ಮೊದಲ ಸಾಲಿನಲ್ಲಿ ಭಾವ ನೆಲ ನೋಡುತ್ತಿದ್ದರು. ಗುಬ್ಬಿ ಮುಂದಕ್ಕೆ ಬಾಗಿ, ಹತ್ತು ದಿನದ ಬಿಗುಮಾನವನ್ನೆಲ್ಲ ಬಿಟ್ಟು, ಚಿಕ್ಕಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟಳು.

“ಚಿಕ್ಕ ಅನ್ನೋದನ್ನ ತೆಗೆದುಬಿಡಿ ಸಾರ್. ಉಳಿದದ್ದನ್ನ ಬರೀರಿ.”

ಗುಮಾಸ್ತ ಒಂದು ಕ್ಷಣ ಯೋಚಿಸಿದ. ಆಮೇಲೆ ಬರೆದ, ಶಾಯಿ ಆರಲೆಂದು ಊದಿದ, ಪುಸ್ತಕವನ್ನು ಅವಳ ಮುಂದೆ ಸರಿಸಿದ. ಅವಳಿಗೆ ಅಕ್ಷರ ಸರಿಯಾಗಿ ಕಾಣಿಸಲಿಲ್ಲ, ಕಣ್ಣು ಮಂಜಾಗಿತ್ತು. ಎಲ್ಲಿ ಸಹಿ ಮಾಡಬೇಕೆಂದು ಗುಬ್ಬಿಯೇ ಬೆರಳಿಟ್ಟು ತೋರಿಸಿದಳು, ಅವಳು ಆ ಬೆರಳಿನ ಪಕ್ಕದಲ್ಲಿ ತನ್ನ ಹೆಸರು ಬರೆದಳು.